ಗಡಿ ದಾಟಿ ಓದುವ ಮಕ್ಕಳೇ, ಸ್ಕಾಲರ್‌ಶಿಪ್ ಅರ್ಜಿಯಲ್ಲಿ ನಿಮ್ಮ ರಾಜ್ಯ ಕೇರಳವೇ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಆಚೆ ಒಂದು ಮನೆ. ಅಪ್ಪ ಅಡಿಕೆ ಕೊಯ್ಲಿಗೆ ಹೋಗುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾರೆ. ಮಗಳು ಕೇರಳ ಬೋರ್ಡಿನ ಪ್ಲಸ್ ಟುವಿನಲ್ಲಿ, ಅಂದರೆ ಹನ್ನೆರಡನೆಯ ತರಗತಿಯಲ್ಲಿ, ಒಳ್ಳೆಯ ಅಂಕ ತೆಗೆದು ಮಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿಎಸ್ಸಿಗೆ ಸೇರಿದಳು. ಕೇಂದ್ರ ಸರಕಾರದ ಮೆರಿಟ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲು ಕಾಲೇಜಿನ ಹತ್ತಿರದ ಸೈಬರ್ ಅಂಗಡಿಗೆ 500 ರೂಪಾಯಿ ಕೊಟ್ಟಳು. ಜೊತೆಗಿದ್ದ ಅಮ್ಮನಿಗೆ ಅಂಗಡಿಯವರು ಹೇಳಿದ್ದು, “ನೀವೆಂತ ತಲೆಬಿಸಿ ಮಾಡ್ಬೇಡಿ ಅಕ್ಕ, ದಿನಾ ಇದನ್ನೇ ಮಾಡುದು ನಾವು.” ಫೆಬ್ರವರಿಯಲ್ಲಿ ಹಣ ಏನಾಯಿತೆಂದು ನೋಡೋಣವೆಂದರೆ ಪಾಸ್‌ವರ್ಡ್ ಅವಳ ಹತ್ತಿರ ಇಲ್ಲ, ಒಟಿಪಿ ಬರುವುದು ಅಂಗಡಿಯವರ ಮೊಬೈಲಿಗೆ. ಮತ್ತೆ ಅಂಗಡಿಗೇ ಹೋಗಿ ತೆರೆಸಿದಾಗ ಕಂಡದ್ದು ‘ಡಿಫೆಕ್ಟಿವ್’ ಎಂಬ ಒಂದು ಪದ. ಕಾಲೇಜು ಅರ್ಜಿಯನ್ನು ತಿದ್ದಲು ವಾಪಸು ಕಳಿಸಿ ಆಗಲೇ ಎರಡು ತಿಂಗಳು ಕಳೆದಿತ್ತು, ತಿದ್ದುವ ಕೊನೆಯ ದಿನಾಂಕವೂ ಮುಗಿದಿತ್ತು.

ತಪ್ಪು ಎರಡೇ ಕಡೆ ಇತ್ತು. ಸ್ವಂತ ರಾಜ್ಯ ಎಂಬಲ್ಲಿ ಹಾಸ್ಟೆಲ್ ವಿಳಾಸ ನೋಡಿ ‘ಕರ್ನಾಟಕ’ ಎಂದು ಆರಿಸಿದ್ದರು. ಹನ್ನೆರಡನೆಯ ತರಗತಿಯ ಬೋರ್ಡ್ ಎಂಬಲ್ಲಿ ಕರ್ನಾಟಕದ ಪಿಯುಸಿ ಬೋರ್ಡನ್ನು ಹಾಕಿದ್ದರು. ದಿನವಿಡೀ ಪಿಯುಸಿ ಮುಗಿಸಿದ ಮಕ್ಕಳ ಅರ್ಜಿ ತುಂಬುವ ಕೈಗೆ ಅದೇ ಅಭ್ಯಾಸ. ಅವಳ ರಿಜಿಸ್ಟರ್ ನಂಬರ್ ಆ ಬೋರ್ಡಿನ ಪಟ್ಟಿಯಲ್ಲಿ ಹೇಗೆ ತಾನೇ ಸಿಗಬೇಕು?

ಈ ಎರಡು ತಪ್ಪು ಎಷ್ಟು ದುಬಾರಿ ಎಂದು ತಿಳಿಯಬೇಕಾದರೆ ಯೋಜನೆಯನ್ನು ತಿಳಿದಿರಬೇಕು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಬರುವ ಕೇಂದ್ರ ವಲಯದ ಈ ಸ್ಕಾಲರ್‌ಶಿಪ್ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ, ಸ್ನಾತಕೋತ್ತರಕ್ಕೆ 20,000. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರಬಾರದು. ನಿಮ್ಮ ಬೋರ್ಡಿನಲ್ಲಿ, ನಿಮ್ಮ ವಿಭಾಗದಲ್ಲಿ ಪಾಸಾದವರ ನಡುವೆ 80ನೇ ಪರ್ಸೆಂಟೈಲಿಗಿಂತ ಮೇಲಿರಬೇಕು. ಇದು ಶೇಕಡಾ 80 ಅಂಕ ಅಲ್ಲ. ಪಾಸಾದ ನೂರು ಜನರಲ್ಲಿ ಮೇಲಿನ ಇಪ್ಪತ್ತರೊಳಗೆ ಇರಬೇಕೆಂದು ಅರ್ಥ. ಪ್ಲಸ್ ಟುವಿನಲ್ಲಿ ಅಂಕಗಳು ಧಾರಾಳವಾಗಿ ಬರುವುದರಿಂದ ಶೇಕಡಾ 85 ತೆಗೆದವರು ಈ ಗೆರೆಯ ಕೆಳಗೆ ಉಳಿಯುವುದೂ ಉಂಟು. ಸ್ಕಾಲರ್‌ಶಿಪ್‌ಗಳನ್ನು ರಾಜ್ಯ ಬೋರ್ಡುಗಳ ನಡುವೆ ಹಂಚುತ್ತಾರೆ, ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಲೆಕ್ಕ, ಅರ್ಧದಷ್ಟು ಹುಡುಗಿಯರಿಗೆ. ಹಾಗಾಗಿ ಕಾಲೇಜು ಮಂಗಳೂರಿನಲ್ಲಿದ್ದರೂ ಕೇರಳದಲ್ಲಿ ಪ್ಲಸ್ ಟು ಪಾಸಾದವರ ಸ್ಪರ್ಧೆ ಕೇರಳ ಬೋರ್ಡಿನವರೊಂದಿಗೇ. ಹೊಸ ಅರ್ಜಿಗೆ ಅವಕಾಶ ಪದವಿಯ ಮೊದಲ ವರ್ಷದಲ್ಲಿ ಮಾತ್ರ. ಆ ವರ್ಷ ತಪ್ಪಿದರೆ ಮುಂದಿನ ಎರಡು ವರ್ಷದ ನವೀಕರಣವೂ ಹೋಯಿತು. 36,000 ರೂಪಾಯಿ ಸಿಗುವ ದಾರಿ ಅವಳಿಗೆ ಮುಚ್ಚಿದ್ದು ಹಾಗೆ. ಬೀಡಿಯ ಸಂಬಳದಲ್ಲಿ ಬದುಕುವ ಮನೆಗೆ ಅದು ಸಣ್ಣ ದುಡ್ಡಲ್ಲ.

ಡಿಫೆಕ್ಟಿವ್ ಎಂದರೆ ಅರ್ಜಿ ಸತ್ತಿತು ಎಂದಲ್ಲ. ಫೈನಲ್ ಸಬ್‌ಮಿಟ್ ಆದ ಮೇಲೆ ವಿದ್ಯಾರ್ಥಿ ತಾನಾಗಿ ಏನನ್ನೂ ತಿದ್ದಲಾಗದು. ಅರ್ಜಿಗಳನ್ನು ಪರಿಶೀಲಿಸುವ ಕಾಲೇಜಿನ ನೋಡಲ್ ಅಧಿಕಾರಿ ತಪ್ಪು ಕಂಡು ಹಿಂದಕ್ಕೆ ಕಳಿಸಿದಾಗ ತಿದ್ದಿ ಮತ್ತೆ ಸಬ್‌ಮಿಟ್ ಮಾಡುವ ಅವಕಾಶ ತೆರೆಯುತ್ತದೆ, ಸ್ವಲ್ಪ ದಿನ ಮಾತ್ರ. ಆ ಸೂಚನೆ ಬರುವುದು ನೋಂದಣಿಯ ಮೊಬೈಲ್ ನಂಬರಿಗೆ. ನಂಬರ್ ಅಂಗಡಿಯವರದ್ದಾದರೆ ಅಲ್ಲಿಗೇ ಕಥೆ ಮುಗಿಯಿತು. ಆದ್ದರಿಂದ ಒಟಿಆರ್, ಅಂದರೆ ಒಮ್ಮೆ ಮಾತ್ರ ಮಾಡುವ ನೋಂದಣಿಯನ್ನು ಮಗುವಿನ ಅಥವಾ ತಂದೆತಾಯಿಯ ಮೊಬೈಲಿನಲ್ಲೇ ಮಾಡಿ. ಅದರಲ್ಲಿ ಸಿಗುವ 14 ಅಂಕಿಯ ಒಟಿಆರ್ ನಂಬರ್ ಓದು ಮುಗಿಯುವವರೆಗೂ ಬೇಕು. ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಖ ತೋರಿಸಿ ಆಧಾರ್ ದೃಢೀಕರಿಸುವ ಹಂತವನ್ನು ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲೇ ಮಾಡಬಹುದು, ಅದಕ್ಕೊಂದು ಆಧಾರ್ ಫೇಸ್ ಆರ್‌ಡಿ ಆ್ಯಪ್ ಇದೆ. ಪೋರ್ಟಲ್‌ಗೆ ಅರ್ಜಿ ಶುಲ್ಕ ಇಲ್ಲ. ಸಬ್‌ಮಿಟ್ ಮಾಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಸ್ಟೇಟಸ್ ನೋಡಿ, ಪ್ರಿಂಟನ್ನೂ ದಾಖಲೆಗಳನ್ನೂ ಹಿಡಿದು ನೋಡಲ್ ಅಧಿಕಾರಿಯನ್ನು ಖುದ್ದಾಗಿ ಕಾಣಿ. ಕಾಲೇಜು ಪರಿಶೀಲಿಸದ ಅರ್ಜಿ ಮುಂದಿನ ಹಂತಕ್ಕೆ ಹೋಗುವುದೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. “ಅದು ಹೋದ್ರೆ ಹೋಗ್ಲಿ, ಕರ್ನಾಟಕದ್ದು ಮಾಡಿಸುವಾ” ಎಂದು ಅದೇ ಅಂಗಡಿಯವರು 3,000 ರೂಪಾಯಿ ತೆಗೆದುಕೊಂಡರು. ಕರ್ನಾಟಕದ ಸ್ಕಾಲರ್‌ಶಿಪ್ ಅರ್ಜಿಗಳ ಎಸ್‌ಎಸ್‌ಪಿ ಪೋರ್ಟಲ್‌ಗೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಕೇರಳದ ವಿಲೇಜ್ ಆಫೀಸಿನಿಂದ ಬರುವ ಪತ್ರದಲ್ಲಿ ಅದು ಇರುವುದಿಲ್ಲ. ಮಂಗಳೂರಿನಲ್ಲಿರುವ ಸೋದರಮಾವನ ರೇಶನ್ ಕಾರ್ಡಿಗೆ ಹೆಸರು ಸೇರಿಸಿ, ಆಧಾರ್ ವಿಳಾಸ ಬದಲಿಸಿ ಆರ್‌ಡಿ ನಂಬರ್ ಮಾಡಿಸುವುದು ಅವರ ಉಪಾಯ. ದಯವಿಟ್ಟು ಯಾರೂ ಇದಕ್ಕೆ ಒಪ್ಪಬೇಡಿ. ಇದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಸಹಿ ಹಾಕಿದವರು ನೀವು, ಅಂಗಡಿಯವರಲ್ಲ. ಊರಿನ ರೇಶನ್ ಕಾರ್ಡಿನಿಂದ ಹೆಸರು ತೆಗೆದ ಮೇಲೆ ಕೇರಳದ ಸವಲತ್ತಿಗೆ ವಾಪಸು ಬರಲು ವಿಲೇಜ್ ಆಫೀಸು, ತಾಲೂಕು ಆಫೀಸು ಎಂದು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ. ಪುಣ್ಯಕ್ಕೆ ಆಧಾರ್ ಬದಲಿಸುವ ಮೊದಲೇ ಈ ಮನೆಯವರಿಗೆ ಅನುಮಾನ ಬಂತು. ಆದರೆ ಕೊಟ್ಟ ಹಣ ವಾಪಸು ಬರಲಿಲ್ಲ.

ಗೊಂದಲಕ್ಕೆ ಕಾರಣವೂ ಇದೆ. ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂದು ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಮಕ್ಕಳಿಗೆ ಕರ್ನಾಟಕದಲ್ಲಿ ಸೀಟಿನ ಅರ್ಹತೆ ಇದೆ. ಸೀಟು ಅಲ್ಲಿ ಸಿಕ್ಕಿದ ಮೇಲೆ ಸ್ಕಾಲರ್‌ಶಿಪ್ಪೂ ಅಲ್ಲಿಂದಲೇ ಎಂದು ಜನ ಭಾವಿಸುತ್ತಾರೆ. ಸೀಟಿನ ಅರ್ಹತೆ ಬೇರೆ, ಸ್ಕಾಲರ್‌ಶಿಪ್‌ಗೆ ಕೇಳುವ ಖಾಯಂ ನಿವಾಸ ಬೇರೆ. ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ಯೋಜನೆಯ ನಿಯಮ ಇದನ್ನು ನೇರವಾಗಿ ಹೇಳುತ್ತದೆ: ವಿದ್ಯಾರ್ಥಿ ಎಲ್ಲಿ ಓದಿದರೂ ಕೊಡಬೇಕಾದದ್ದು ಅವನ ಸ್ವಂತ ರಾಜ್ಯ. ಆದಾಯದ ಮಿತಿ 2.5 ಲಕ್ಷ, ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಸಿಗುವುದಿಲ್ಲ. ಕೇರಳ ಇದನ್ನು ನಡೆಸುವುದು ಇ-ಗ್ರಾಂಟ್ಸ್ ಎಂಬ ತನ್ನ ಪೋರ್ಟಲ್ ಮೂಲಕ. ಗಡಿಯ ತಲಪಾಡಿಯಾಚೆಯ ಕಾಲೇಜಿಗೆ ಸೇರುವವರು ಫೀಸು ಕಟ್ಟುವ ಮೊದಲೇ ನಿಮ್ಮ ಬ್ಲಾಕಿನ ಪರಿಶಿಷ್ಟ ಜಾತಿ ಅಭಿವೃದ್ಧಿ ಕಚೇರಿಗೆ ಹೋಗಿ ಆ ಕಾಲೇಜಿಗೆ, ಆ ಕೋರ್ಸಿಗೆ ಇದು ಸಿಗುತ್ತದೆಯೇ ಎಂದು ಕೇಳಿ. ಸೇರಿದ ಮೇಲೆ ಕೇಳಿ ಪ್ರಯೋಜನ ಕಡಿಮೆ.

ಇನ್ನು ಹೆಸರು. ನಮ್ಮ ಕಡೆಯ ಅರ್ಜಿಗಳು ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಮಲಯಾಳದ ರೂಢಿಯಲ್ಲಿ ಶಾರದಾ, ಶಶಿಕಲಾ ಎಂಬ ಹೆಸರುಗಳ ‘ಶ’ಕಾರಕ್ಕೆ ಇಂಗ್ಲಿಷಿನಲ್ಲಿ ಬರೀ ಎಸ್ ಹಾಕುತ್ತಾರೆ, ಕನ್ನಡಿಗರು ಎಸ್ ಜೊತೆಗೆ ಎಚ್ ಸೇರಿಸುತ್ತಾರೆ. ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಒಂದರಲ್ಲಿ ಮನೆ ಹೆಸರಿನ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಅಪ್ಪನ ಹೆಸರು ಹಿಂದೆ. ಎಸ್ಎಸ್ಎಲ್‌ಸಿಯನ್ನು ಆಧಾರವಾಗಿಟ್ಟು ಆಧಾರ್ ತಿದ್ದಿಸಿ, ಬ್ಯಾಂಕ್ ಪಾಸ್‌ಬುಕ್ಕನ್ನೂ ಹಾಗೇ ಮಾಡಿಸಿ. ಇದನ್ನು ಪ್ಲಸ್ ಟು ಪರೀಕ್ಷೆ ಮುಗಿದ ರಜೆಯಲ್ಲೇ ಮುಗಿಸುವುದು ಒಳ್ಳೆಯದು. ಅದೇ ರಜೆಯಲ್ಲಿ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದ ಮೂಲಕ ವಿಲೇಜ್ ಆಫೀಸಿಗೆ ಅರ್ಜಿ ಕೊಟ್ಟು ಆದಾಯ ಪ್ರಮಾಣಪತ್ರವನ್ನೂ ತೆಗೆಸಿಡಿ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ.

ಮಂಜೂರಾದ ಹಣವೂ ಕೈಗೆ ಬಾರದಿರಲು ಕಾರಣ ಸಾಮಾನ್ಯವಾಗಿ ಬ್ಯಾಂಕ್. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಸಾಲದು. ಕೆವೈಸಿಗೆ, ಅಂದರೆ ಗುರುತು ಖಾತ್ರಿಗೆ, ಆಧಾರ್ ಕೊಡುವುದು ಒಂದು, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಪಟ್ಟಿಯಲ್ಲಿ ಆ ಖಾತೆಯನ್ನು ಸೀಡ್ ಮಾಡುವುದು, ಅಂದರೆ ಆಧಾರಿನ ಹಣ ಬರುವ ಖಾತೆಯೆಂದು ದಾಖಲಿಸುವುದು, ಇನ್ನೊಂದು. ಸರಕಾರದ ಹಣ ಹೋಗುವುದು ಕೊನೆಯದಾಗಿ ಸೀಡ್ ಆದ ಬ್ಯಾಂಕಿಗೆ. ಶಾಲೆಯಲ್ಲಿದ್ದಾಗ ತೆರೆದ ಖಾತೆ ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೆ, ಸೀಡಿಂಗ್ ಅದರಲ್ಲೇ ಉಳಿದಿದ್ದರೆ ಹಣ ವಾಪಸಾಗಬಹುದು. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಯಾವ ಬ್ಯಾಂಕ್ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಸಾಲದ ಬಗ್ಗೆ ಇಷ್ಟೇ: 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿ ಅಡವು ಕೇಳುವಂತಿಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಎಂಬ ಶಿಕ್ಷಣ ಸಾಲದ ಯೋಜನೆ ಆಯ್ದ ಸಂಸ್ಥೆಗಳಿಗೆ ಮಾತ್ರ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಸುರತ್ಕಲ್‌ನ ಎನ್‌ಐಟಿಕೆಯಂಥವು ಅದರೊಳಗೆ ಬರುತ್ತವೆ. ಆದರೆ ಏಜೆಂಟರು ‘ಪೂರ್ತಿ ಸ್ಕಾಲರ್‌ಶಿಪ್ ಸೀಟು’ ಎಂದು ತೋರಿಸುವ ಎಷ್ಟೋ ಕಾಲೇಜುಗಳು ಆ ಪಟ್ಟಿಯಲ್ಲಿ ಇಲ್ಲ. ಅವರು ಕೊಡುವ ಕಾಗದ ಮಗುವಿನ ಹೆಸರಿನ ಸಾಲಪತ್ರವೇ ಎಂದು ಓದಿ ನೋಡದೆ ಸಹಿ ಹಾಕಬೇಡಿ, ಮೂಲ ಅಂಕಪಟ್ಟಿ ಕೈಬಿಡಬೇಡಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಸೂಚನೆ ಹೊರಡಿಸಿದೆ.

ಆ ಹುಡುಗಿಗೆ ಇನ್ನೊಂದು ದಾರಿ ಮೊದಲಿನಿಂದಲೂ ಇತ್ತು, ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆ ಅದೇ ಪೋರ್ಟಲ್ ಮೂಲಕ ಪದವಿಗೆ ವರ್ಷಕ್ಕೆ 6,000, ವೃತ್ತಿಪರ ಕೋರ್ಸಿಗೆ 25,000 ರೂಪಾಯಿ ಕೊಡುತ್ತದೆ. ಕಟ್ಟುವವರಿಗೆ ಕನಿಷ್ಠ ಆರು ತಿಂಗಳ ಸೇವೆ ಇರಬೇಕು, ಬೀಡಿ ಗುರುತಿನ ಕಾರ್ಡ್ ಬೇಕು. ಅಮ್ಮನ ಕಾರ್ಡ್ ಮನೆಯ ಟ್ರಂಕಿನಲ್ಲಿ, ರೇಶನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಎರಡನೇ ವರ್ಷ ಅವಳೇ ಅಪ್ಪನ ಫೋನಿನಲ್ಲಿ ಕೂತು ತುಂಬಿದಳು, ರಾಜ್ಯದ ಜಾಗದಲ್ಲಿ ಕೇರಳ, ಬೋರ್ಡಿನ ಜಾಗದಲ್ಲಿ ಕೇರಳ. ಕಾಲೇಜಿನ ಪರಿಶೀಲನೆ ಮುಗಿದಿದೆ ಎಂದು ಈ ಸಲ ಮೆಸೇಜ್ ಬಂದದ್ದು ಅದೇ ಫೋನಿಗೆ.