ಎರಡು ಕಡ್ಡಿಯ ಹೆಣಿಗೆಯೋ, ಕ್ರೋಶಾವೋ? ಒಂದೇ ನೂಲಿನಲ್ಲಿ ಎರಡನ್ನೂ ಹೆಣೆದು ನೋಡಿದ ಮೇಲೆ

ಮನೆಯಲ್ಲಿ ಬಿಡುವಿನ ವೇಳೆಗೆ ಕೈಗೊಂದು ಕೆಲಸ ಬೇಕೆನ್ನುವವರು ಮೊದಲು ಕೇಳುವುದು, ಎರಡು ಕಡ್ಡಿಗಳ ಹೆಣಿಗೆಯನ್ನು ಕಲಿಯಬೇಕೋ ಅಥವಾ ಕೊಕ್ಕೆಯಿಂದ ಮಾಡುವ ಕ್ರೋಶಾವನ್ನು ಕಲಿಯಬೇಕೋ ಎಂದು. ಯಾವುದು ಸುಲಭ ಎಂಬ ಒಂದೇ ದೃಷ್ಟಿಯಿಂದ ಇದಕ್ಕೆ ಉತ್ತರ ಹೇಳುವುದು ರೂಢಿಯಾಗಿದೆ. ನಾನು ಎರಡನ್ನೂ ಬಹುಕಾಲದಿಂದ ಮಾಡುತ್ತ ಬಂದಿದ್ದೇನೆ. ನನ್ನ ಅನುಭವದಲ್ಲಿ ಸುಲಭ, ಕಷ್ಟ ಎಂಬ ಭೇದ ಕೈ ಪಳಗಿದ ಮೇಲೆ ಉಳಿಯುವುದಿಲ್ಲ. ಆದರೆ ಇವೆರಡರಿಂದ ದೊರೆಯುವ ಬಟ್ಟೆಯ ಗುಣದಲ್ಲಿರುವ ಭೇದ ಎಷ್ಟು ಪಳಗಿದರೂ ಹೋಗುವುದಿಲ್ಲ. ಆದ್ದರಿಂದ ಏನನ್ನು ಹೆಣೆಯಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಕಡ್ಡಿಯೋ ಕೊಕ್ಕೆಯೋ ಎಂಬುದನ್ನು ಆಮೇಲೆ ತೀರ್ಮಾನಿಸುವುದೇ ಸರಿಯಾದ ಕ್ರಮವೆಂದು ನಾನು ದೃಢವಾಗಿ ನಂಬಿದ್ದೇನೆ.

ಎಲ್ಲ ವ್ಯತ್ಯಾಸಗಳ ಮೂಲವೂ ಕುಣಿಕೆಗಳಲ್ಲಿದೆ. ಹೆಣಿಗೆಯಲ್ಲಿ ಒಂದು ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ತೆರೆದುಕೊಂಡೇ ಕುಳಿತಿರುತ್ತವೆ. ಮುಂದಿನ ಸಾಲಿನ ಕುಣಿಕೆ ಅದರೊಳಗಿಂದ ಹಾದುಬಂದಾಗಲಷ್ಟೇ ಹಿಂದಿನದು ಭದ್ರವಾಗುತ್ತದೆ. ಕ್ರೋಶಾದಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಹೊಲಿಗೆಯೂ ಅಲ್ಲಿಂದಲ್ಲಿಗೆ ಮುಗಿದು ಬಿಗಿಯಾಗುತ್ತದೆ, ಯಾವ ಕ್ಷಣದಲ್ಲಿ ನೋಡಿದರೂ ಕೊಕ್ಕೆಯ ಮೇಲೆ ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಬಟ್ಟೆ ಹಿಗ್ಗುವುದು, ತಪ್ಪಾದಾಗ ಬಿಚ್ಚಬೇಕಾಗುವುದು, ನೂಲು ಖರ್ಚಾಗುವುದು, ಕೆಲಸವನ್ನು ನಡುವೆ ನಿಲ್ಲಿಸಿ ಏಳುವುದು, ಇವೆಲ್ಲವೂ ಈ ಒಂದು ಸಂಗತಿಯನ್ನೇ ಅವಲಂಬಿಸಿವೆ.

ಹೋಲಿಕೆ ನ್ಯಾಯವಾಗಿರಲೆಂದು ಮಧ್ಯಮ ದಪ್ಪದ ಒಂದೇ ಉಣ್ಣೆಯ ನೂಲನ್ನು ತೆಗೆದುಕೊಂಡು, 4 ಮಿಲಿಮೀಟರ್ ಕಡ್ಡಿಯಲ್ಲಿ ಒಂದು ಚೌಕವನ್ನೂ 4 ಮಿಲಿಮೀಟರ್ ಕೊಕ್ಕೆಯಲ್ಲಿ ಅಷ್ಟೇ ಅಳತೆಯ ಇನ್ನೊಂದು ಚೌಕವನ್ನೂ ಹೆಣೆದೆ. ಒಂದು ಸಾಲು ಸೀದಾ (ಹೊಸ ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದು), ಒಂದು ಸಾಲು ಉಲ್ಟಾ (ಮುಂದಿನಿಂದ ಹಿಂದಕ್ಕೆ ಎಳೆದು) ಹೆಣೆದ ಮೊದಲನೆಯ ಚೌಕ ತೆಳುವಾಗಿ, ಮೃದುವಾಗಿ ಬಂದಿತು. ಅಡ್ಡಲಾಗಿ ಎಳೆದರೆ ಸಾಕಷ್ಟು ಹಿಗ್ಗಿ ಮತ್ತೆ ತನ್ನ ಅಳತೆಗೆ ಮರಳಿತು, ಅಂಗೈಯ ಮೇಲಿಟ್ಟರೆ ಬೆರಳುಗಳ ಆಕಾರಕ್ಕೆ ಬಾಗಿ ಇಳಿಬಿದ್ದಿತು. ಕ್ರೋಶಾದ ಅತಿ ಗಿಡ್ಡ ಹೊಲಿಗೆಯಲ್ಲಿ ಮಾಡಿದ ಎರಡನೆಯ ಚೌಕ ದಪ್ಪವಾಗಿ, ಗಟ್ಟಿಯಾಗಿ, ಅಂಚು ಹಿಡಿದು ನಿಲ್ಲಿಸಿದರೆ ನಿಲ್ಲುವಂತಿತ್ತು ಮತ್ತು ಅದಕ್ಕೆ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚು ನೂಲು ಹಿಡಿಯಿತು. ಇಷ್ಟನ್ನೇ ನೋಡಿ ಕ್ರೋಶಾ ಒರಟು ಎಂದು ತೀರ್ಪು ಕೊಡುವುದು ತಪ್ಪಾಗುತ್ತದೆ. ಅದೇ ನೂಲಿಗೆ 5.5 ಮಿಲಿಮೀಟರ್ ಕೊಕ್ಕೆ ಹಿಡಿದು, ಗಿಡ್ಡ ಹೊಲಿಗೆಯ ಬದಲು ಎತ್ತರದ ಹೊಲಿಗೆ ಹಾಕಿದಾಗ ಬಟ್ಟೆ ಬಹಳ ಮಟ್ಟಿಗೆ ಸಡಿಲವಾಗಿ ಶಾಲಿಗೆ ಹೊಂದುವಂತಾಯಿತು. ಆದರೂ ಹೆಣಿಗೆಯ ಹಿಗ್ಗುವ ಗುಣ ಅದಕ್ಕೆ ಬರಲಿಲ್ಲ. ಕಾಲುಚೀಲ, ಟೋಪಿ, ಕೈಗವಸು, ಸ್ವೆಟರ್ ಮುಂತಾಗಿ ಮೈಗೆ ಅಂಟಿಕೊಂಡು ಕೂರಬೇಕಾದ ಯಾವುದಕ್ಕೂ ನನ್ನ ಆಯ್ಕೆ ಎರಡು ಕಡ್ಡಿಗಳೇ. ಕೈಚೀಲ, ಬುಟ್ಟಿ, ಮೇಜಿನ ಮೇಲೆ ಹಾಸುವ ಚಾಪೆ, ಮಕ್ಕಳ ಬೊಂಬೆ ಮುಂತಾಗಿ ಆಕಾರ ಕೆಡದೆ ನಿಲ್ಲಬೇಕಾದವುಗಳಿಗೆ ಕ್ರೋಶಾವೇ ಮೇಲು.

ಬೊಂಬೆಗಳ ವಿಷಯದಲ್ಲಂತೂ ಹೋಲಿಕೆಗೆ ಹೆಚ್ಚು ಅವಕಾಶವೇ ಇಲ್ಲ. ಜಪಾನಿನಲ್ಲಿ ಜನಪ್ರಿಯವಾಗಿ ಅಮಿಗುರುಮಿ ಎಂಬ ಹೆಸರಿನಿಂದ ಎಲ್ಲ ಕಡೆ ಹರಡಿರುವ ಕ್ರೋಶಾ ಬೊಂಬೆಗಳ ಲೆಕ್ಕ ಬಹಳ ಸರಳ: ಮೊದಲ ಸುತ್ತಿನಲ್ಲಿ 6 ಹೊಲಿಗೆ, ಎರಡನೆಯದರಲ್ಲಿ 12, ಮೂರನೆಯದರಲ್ಲಿ 18, ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ಚಪ್ಪಟೆಯಾದ ವೃತ್ತ ಬರುತ್ತದೆ, ಹೆಚ್ಚಿಸುವುದನ್ನು ನಿಲ್ಲಿಸಿದೊಡನೆ ಅಂಚು ಮೇಲೆದ್ದು ಬಟ್ಟಲಿನಂತಾಗುತ್ತದೆ, ಅದೇ ಕ್ರಮದಲ್ಲಿ ಕಡಿಮೆ ಮಾಡುತ್ತ ಬಂದರೆ ಗೋಳ ಮುಚ್ಚಿಕೊಳ್ಳುತ್ತದೆ. ಇದನ್ನೇ ಕಡ್ಡಿಗಳಲ್ಲಿ ಮಾಡಲು ಹೊರಟರೆ ಆರು ಕುಣಿಕೆಗಳನ್ನು ಮೂರು ನಾಲ್ಕು ಕಡ್ಡಿಗಳ ಮೇಲೆ ಹಂಚಿ ಹಿಡಿಯುವುದರಲ್ಲೇ ತಾಳ್ಮೆ ಮುಗಿಯುತ್ತದೆ.

ತಪ್ಪನ್ನು ತಿದ್ದುವ ವಿಷಯಕ್ಕೆ ಬಂದರೆ, ಹೊಸಬರಿಗೆ ಕ್ರೋಶಾ ಹೆಚ್ಚು ದಯೆ ತೋರಿಸುತ್ತದೆ ಎಂಬ ಮಾತು ನಿಜ. ಕೊಕ್ಕೆಯನ್ನು ತೆಗೆದು ನೂಲನ್ನು ಎಳೆದರೆ ತಪ್ಪಾದ ಜಾಗದವರೆಗೆ ಬಿಚ್ಚಿಕೊಳ್ಳುತ್ತದೆ, ಉಳಿದ ಒಂದು ಕುಣಿಕೆಯೊಳಗೆ ಕೊಕ್ಕೆಯನ್ನು ತೂರಿಸಿದರೆ ಕೆಲಸ ಮುಂದುವರಿಯುತ್ತದೆ. ಹೆಣಿಗೆಯಲ್ಲಿ ಕಡ್ಡಿಯಿಂದ ಒಂದು ಕುಣಿಕೆ ಜಾರಿದರೆ ಅದು ಕೆಳಕೆಳಗಿನ ಸಾಲುಗಳಿಗೆ ಇಳಿಯುತ್ತ ಹೋಗಿ, ಬಟ್ಟೆಯ ನಡುವೆ ಅಡ್ಡದಾರಗಳ ಏಣಿಯೊಂದು ಕಾಣಿಸಿಕೊಳ್ಳುತ್ತದೆ. ಮೊದಲ ಸಲ ನೋಡಿದವರು ಎಲ್ಲವೂ ಹಾಳಾಯಿತೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಹಾಳಾದದ್ದು ಏನೂ ಇಲ್ಲ. ಸೀದಾ ಭಾಗವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ತಳದಲ್ಲಿ ನಿಂತಿರುವ ಕುಣಿಕೆಯೊಳಗೆ ಕ್ರೋಶಾ ಕೊಕ್ಕೆಯನ್ನು ಮುಂದಿನಿಂದ ತೂರಿಸಿ, ಅದರ ಹಿಂದೆ ಮೇಲ್ಗಡೆಯಿರುವ ಮೊದಲ ಅಡ್ಡದಾರವನ್ನು ಹಿಡಿದು ಮುಂದಕ್ಕೆಳೆದರೆ ಒಂದು ಸಾಲು ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗೆಯೇ ಒಂದೊಂದು ಅಡ್ಡದಾರವನ್ನೂ ಸರದಿಯಂತೆ, ನಡುವೆ ಯಾವುದನ್ನೂ ಬಿಡದೆ ಹಿಡಿಯುತ್ತ ಮೇಲೇರಿ ಕೊನೆಯ ಕುಣಿಕೆಯನ್ನು ತಿರುಚದಂತೆ ಕಡ್ಡಿಗೆ ಏರಿಸಿದರೆ, ಸ್ವಲ್ಪ ಎಳೆದು ಸರಿಪಡಿಸಿದ ಮೇಲೆ ಜಾರಿದ ಜಾಗ ಎಲ್ಲಿತ್ತೆಂದು ಹುಡುಕಿದರೂ ಕಾಣದು. ಈ ಒಂದು ಕೌಶಲ ಕೈವಶವಾದ ದಿನದಿಂದ ಹೆಣಿಗೆಯ ಬಗೆಗಿನ ಭಯ ಹೋಗುತ್ತದೆ. ಹೆಣಿಗೆಯನ್ನಷ್ಟೇ ಮಾಡುವವರ ಚೀಲದಲ್ಲೂ ಒಂದು ಕೊಕ್ಕೆ ಇರಲೇಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ. ಜಾಲರಿ ವಿನ್ಯಾಸಗಳನ್ನು ಹೆಣೆಯುವಾಗ ಮಾತ್ರ ಹೀಗೆ ಕಟ್ಟಿ ಮೇಲೇರುವುದು ಕಷ್ಟ. ಅಲ್ಲಿ ಕೆಲವು ಸಾಲುಗಳಿಗೊಮ್ಮೆ ಬೇರೆ ಬಣ್ಣದ ನಯವಾದ ದಾರವನ್ನು ಎಲ್ಲ ಕುಣಿಕೆಗಳೊಳಗೆ ಸೂಜಿಯಿಂದ ಹಾಯಿಸಿಟ್ಟುಕೊಂಡರೆ, ಬಿಚ್ಚಬೇಕಾಗಿ ಬಂದಾಗ ನೂಲು ಆ ದಾರದ ಬಳಿ ತಾನಾಗಿ ನಿಲ್ಲುತ್ತದೆ.

ಹೆಣಿಗೆಯ ಒಂದು ತೊಡಕನ್ನೂ ಮುಚ್ಚಿಡಬಾರದು. ಒಂದು ಸೀದಾ, ಒಂದು ಉಲ್ಟಾ ಸಾಲಿನ ಬಟ್ಟೆಯ ಪಕ್ಕದ ಅಂಚುಗಳು ಹಿಂದಕ್ಕೂ, ಮೇಲಿನ ಮತ್ತು ಕೆಳಗಿನ ಅಂಚುಗಳು ಮುಂದಕ್ಕೂ ಸುರುಳಿ ಸುತ್ತಿಕೊಳ್ಳುತ್ತವೆ. ಇಸ್ತ್ರಿಯಿಂದ ಇದನ್ನು ಪೂರ್ಣವಾಗಿ ನಿವಾರಿಸಲಾಗದು, ಏಕೆಂದರೆ ಅದು ಕುಣಿಕೆಗಳ ರಚನೆಯಲ್ಲೇ ಇರುವ ಎಳೆತ. ಎಲ್ಲ ಸಾಲುಗಳನ್ನೂ ಸೀದಾ ಹೆಣೆದ ಪಟ್ಟಿಯನ್ನೋ, ಒಂದೇ ಸಾಲಿನಲ್ಲಿ ಒಂದು ಸೀದಾ ಒಂದು ಉಲ್ಟಾ ಕುಣಿಕೆ ಬರುವ ಪಟ್ಟಿಯನ್ನೋ ಅಂಚಿಗೆ ಸೇರಿಸಿದರೆ ಬಟ್ಟೆ ನೆಟ್ಟಗೆ ಬೀಳುತ್ತದೆ. ಕ್ರೋಶಾಕ್ಕೆ ಈ ಚಿಂತೆ ಬಹುಮಟ್ಟಿಗೆ ಇಲ್ಲ.

ವೇಗದಲ್ಲಿ ಕ್ರೋಶಾ ಮುಂದು, ವಿಶೇಷವಾಗಿ ಎತ್ತರದ ಹೊಲಿಗೆಗಳಲ್ಲಿ. ದೊಡ್ಡ ಹೊದಿಕೆಗಳನ್ನು ನಾನು ಅದರಲ್ಲೇ ಮಾಡುತ್ತೇನೆ. ಆದರೆ ಕ್ರೋಶಾದಲ್ಲಿ ಒಂದೇ ಕೈಯ ಮಣಿಕಟ್ಟು ಮತ್ತೆಮತ್ತೆ ತಿರುಗಬೇಕಾಗುವುದರಿಂದ ಬಹಳ ಹೊತ್ತು ಕುಳಿತರೆ ನನಗೆ ನೋವು ಬೇಗ ಬರುತ್ತದೆ, ಹೆಣಿಗೆಯಲ್ಲಿ ಆ ಶ್ರಮ ಎರಡೂ ಕೈಗಳಿಗೆ ಹಂಚಿಹೋಗುತ್ತದೆ. ನೂಲನ್ನು ಬಲಗೈಯಲ್ಲಿ ಹಿಡಿದು ಕಡ್ಡಿಗೆ ಸುತ್ತುವ ಪದ್ಧತಿಗಿಂತ, ಎಡಗೈ ಬೆರಳಿನ ಮೇಲೆ ಹಾಯಿಸಿಟ್ಟು ಕಡ್ಡಿಯ ತುದಿಯಿಂದ ಹೆಕ್ಕುವ ಪದ್ಧತಿಯಲ್ಲಿ ಚಲನೆ ಇನ್ನೂ ಕಡಿಮೆ. ಕ್ರೋಶಾ ತಿಳಿದವರಿಗೆ ನೂಲು ಎಡಗೈಯಲ್ಲಿರುವುದು ಹೇಗೂ ಅಭ್ಯಾಸವಾಗಿರುವುದರಿಂದ ಅವರು ಹೆಣಿಗೆಗೆ ಬಂದಾಗ ಈ ಎರಡನೆಯ ಪದ್ಧತಿಯನ್ನೇ ಹಿಡಿಯುವುದು ಒಳ್ಳೆಯದು.

ಕಡ್ಡಿಗಳಲ್ಲಿ ಉದ್ದನೆಯ ಜೋಡಿ ಕಡ್ಡಿ ಮತ್ತು ನಡುವೆ ಬಾಗುವ ತಂತಿಯಿರುವ ವೃತ್ತಾಕಾರದ ಕಡ್ಡಿ ಎಂಬ ಎರಡು ಬಗೆಗಳನ್ನೂ ಬಳಸಿ ನೋಡಿದ ಮೇಲೆ ನಾನು ಮೊದಲನೆಯದಕ್ಕೆ ಮರಳಿಲ್ಲ. ಜೋಡಿ ಕಡ್ಡಿಯಲ್ಲಿ ಸ್ವೆಟರಿನ ತೂಕವೆಲ್ಲ ಕಡ್ಡಿಯ ಮೇಲೆ ನಿಂತು ಮಣಿಕಟ್ಟನ್ನು ಕೆಳಗೆಳೆಯುತ್ತದೆ. ವೃತ್ತಾಕಾರದ ಕಡ್ಡಿಯಲ್ಲಿ ಆ ಭಾರ ತಂತಿಯ ಮೇಲೆ ಹರಡಿ ತೊಡೆಯ ಮೇಲೆ ಕೂರುತ್ತದೆ, ಬೇಕಾದರೆ ಅದರಲ್ಲೇ ಹಿಂದೆಮುಂದೆ ಸಾಲುಗಳನ್ನು ಹೆಣೆಯಬಹುದು, ಬೇಕಾದರೆ ಪಕ್ಕಗಳನ್ನು ಜೋಡಿಸುವ ಹೊಲಿಗೆಯೇ ಇಲ್ಲದಂತೆ ಕೊಳವೆಯಾಗಿ ಸುತ್ತು ಹೆಣೆಯಬಹುದು. ಸುತ್ತು ಹೆಣೆಯುವಾಗ ಉಲ್ಟಾ ಸಾಲೇ ಬೇಕಾಗದು. 80 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ತಂತಿಯಿದ್ದರೆ, ಹೆಚ್ಚುವರಿ ತಂತಿಯನ್ನು ಕುಣಿಕೆಗಳ ನಡುವೆ ಹೊರಗೆಳೆದಿಟ್ಟು ಕಾಲುಚೀಲದಂಥ ಕಿರಿದಾದ ಸುತ್ತನ್ನೂ ಅದೇ ಕಡ್ಡಿಯಲ್ಲಿ ಹೆಣೆಯಲು ಸಾಧ್ಯ. ಬಿದಿರು ಮತ್ತು ಲೋಹದ ನಡುವೆ ಕಲಿಯುವವರಿಗೆ ಬಿದಿರೇ ಸೂಕ್ತ, ಅದರ ಮೇಲ್ಮೈ ಕುಣಿಕೆಗಳನ್ನು ಸ್ವಲ್ಪ ಹಿಡಿದಿಡುತ್ತದೆ. ಬಿಗಿಯಾಗಿ ಹೆಣೆಯುವವರಿಗೆ ಮಾತ್ರ ಲೋಹದ ಜಾರುವಿಕೆ ವರವಾಗುತ್ತದೆ. ಕಡ್ಡಿಯ ಸಂಖ್ಯೆಯನ್ನು ಮಾತ್ರ ನಂಬಬಾರದು. ಹಳೆಯ ಬ್ರಿಟಿಷ್ ಕ್ರಮದಲ್ಲಿ 10ನೆಯ ಸಂಖ್ಯೆಯ ಕಡ್ಡಿಯ ದಪ್ಪ 3.25 ಮಿಲಿಮೀಟರ್, ಅಮೆರಿಕದ ಕ್ರಮದಲ್ಲಿ ಅದೇ ಸಂಖ್ಯೆಯದು 6 ಮಿಲಿಮೀಟರ್. ಮಿಲಿಮೀಟರಿನಲ್ಲಿ ಬರೆದಿರುವುದನ್ನೇ ನೋಡಬೇಕು.

ಇನ್ನು ನೂಲು. ಕಲಿಯುವಾಗ ಯಾವುದಾದರೂ ನಡೆಯುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕೈಗೆ ಸಿಗುವ ಸಂತೋಷದ ಅರ್ಧಪಾಲು ನೂಲಿನಿಂದಲೇ ಬರುತ್ತದೆ. ಉಣ್ಣೆಯ ಎಳೆಗಳಿಗೆ ಹುಟ್ಟಿನಿಂದಲೇ ಗುಂಗುರು ಇರುವುದರಿಂದ ನೂಲು ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುತ್ತದೆ, ಹಾಗಾಗಿ ಕುಣಿಕೆಗಳಲ್ಲಿರುವ ಸಣ್ಣ ಏರುಪೇರುಗಳನ್ನು ಅದು ತಾನಾಗಿ ಮರೆಮಾಚುತ್ತದೆ. ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ. ಆದರೆ ಎಳೆಗಳ ಮೇಲಿನ ಸೂಕ್ಷ್ಮ ಪದರುಗಳು ಬಿಸಿನೀರು ಮತ್ತು ಉಜ್ಜುವಿಕೆಗೆ ಸಿಕ್ಕಿ ಒಂದಕ್ಕೊಂದು ಕಚ್ಚಿಕೊಂಡರೆ ಬಟ್ಟೆ ಕುಗ್ಗಿ ದಪ್ಪಗಟ್ಟುತ್ತದೆ, ಅದನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಹತ್ತಿ ಇದಕ್ಕೆ ಪೂರಾ ವಿರುದ್ಧ: ಬಿಸಿನೀರಿಗೆ ಹೆದರುವುದಿಲ್ಲ, ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ, ಹೊಲಿಗೆಗಳ ವಿನ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಅದಕ್ಕೆ ಹಿಗ್ಗುವ ಗುಣವಿಲ್ಲ, ಕುಣಿಕೆಯ ಪ್ರತಿಯೊಂದು ಏರುಪೇರೂ ಎದ್ದು ಕಾಣುತ್ತದೆ, ಭಾರದಿಂದಾಗಿ ಉದ್ದನೆಯ ಉಡುಪು ಜೋತುಬೀಳುತ್ತದೆ. ಅಕ್ರಿಲಿಕ್ ಅಗ್ಗ, ಹಗುರ, ಯಂತ್ರದಲ್ಲಿ ಒಗೆಯಬಹುದು, ಮಕ್ಕಳ ಹೊದಿಕೆಗೆ ನಾನೂ ಅದನ್ನೇ ಬಳಸುತ್ತೇನೆ. ಕಾದ ಇಸ್ತ್ರಿಪೆಟ್ಟಿಗೆಯನ್ನು ಒಮ್ಮೆ ತಾಗಿಸಿದರೆ ಸಾಕು, ಅದು ಜೀವ ಕಳೆದುಕೊಂಡು ಶಾಶ್ವತವಾಗಿ ಚಪ್ಪಟೆಯಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಹೆಣಿಗೆಗೆ ಉಣ್ಣೆ, ಕ್ರೋಶಾಕ್ಕೆ ಹತ್ತಿ ಎಂಬುದು ನನ್ನ ಸ್ಥೂಲವಾದ ನಿಯಮ. ಹಿಗ್ಗಬೇಕಾದ ರಚನೆಗೆ ಹಿಗ್ಗುವ ನೂಲು, ನಿಲ್ಲಬೇಕಾದ ರಚನೆಗೆ ನಿಲ್ಲುವ ನೂಲು.

ನೂಲು ಯಾವುದೇ ಆಗಿರಲಿ, ಅಳತೆ ನೋಡಲು ಒಂದು ಚೌಕವನ್ನು ಹೆಣೆದು, ಒಗೆದು, ಒಣಗಿಸಿ, ಕುಣಿಕೆಗಳನ್ನು ಎಣಿಸದೆ ಉಡುಪನ್ನು ಆರಂಭಿಸಬಾರದು. ಇದು ಎರಡೂ ಕಲೆಗಳಿಗೆ ಸಮಾನ. ಹತ್ತು ಸೆಂಟಿಮೀಟರಿಗೆ 20 ಕುಣಿಕೆ ಬಂದರೆ 200 ಕುಣಿಕೆಗಳ ಸ್ವೆಟರಿನ ಸುತ್ತಳತೆ 100 ಸೆಂಟಿಮೀಟರ್. 22 ಬಂದರೆ ಸುಮಾರು 91 ಸೆಂಟಿಮೀಟರ್. ಎರಡೇ ಕುಣಿಕೆಯ ಅಂತರದಲ್ಲಿ ಉಡುಪು ಬೇರೆಯವರ ಅಳತೆಗೆ ಹೋಗುತ್ತದೆ. ಚಾಪೆ, ಶಾಲು, ಹೊದಿಕೆಗಳಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ.

ಗಂಟುಗಳಿಂದ ಮಾಡುವ ಮ್ಯಾಕ್ರಮೆಯನ್ನೂ ಇವೆರಡರ ಜೊತೆ ಇಟ್ಟು ನೋಡಿದೆ. ಕಡ್ಡಿ, ಕೊಕ್ಕೆ ಎರಡೂ ಬೇಡ ಎಂಬುದು ಅದರ ಹೆಚ್ಚುಗಾರಿಕೆ. ಸಿದ್ಧವಸ್ತುವಿನ ಉದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಉದ್ದದ ಹಗ್ಗಗಳನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಬೇಕು, ಕೆಲಸವನ್ನು ಎತ್ತರದಲ್ಲಿ ತೂಗುಹಾಕಿಕೊಂಡೇ ಮಾಡಬೇಕು ಎಂಬುದು ಅದರ ಮಿತಿ. ಗೋಡೆಗೆ, ಕುಂಡಗಳಿಗೆ ಅದು ಚೆನ್ನ. ಮಡಿಲಲ್ಲಿಟ್ಟುಕೊಂಡು ಕೂರುವ ಸುಖ ಅದರಲ್ಲಿಲ್ಲ.

ಇತಿಹಾಸವೂ ಈ ಭೇದಕ್ಕೆ ಸಾಕ್ಷಿಯಾಗಿದೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದ. ಇಂದು ನಾವು ತೊಡುವ ಟೀ ಶರ್ಟಿನ ಬಟ್ಟೆಯೂ ಅದೇ ಕುಣಿಕೆಗಳ ಯಂತ್ರರೂಪ. ಕೈಯ ಕ್ರೋಶಾದ ಹೊಲಿಗೆ ಹಾಗೆ ಕಾರ್ಖಾನೆಗಳಿಗೆ ಒಗ್ಗಲಿಲ್ಲ. 1840ರ ದಶಕದ ಭೀಕರ ಕ್ಷಾಮದಲ್ಲಿ ಐರ್ಲೆಂಡಿನ ಅನೇಕ ಕುಟುಂಬಗಳಿಗೆ ಕ್ರೋಶಾ ಲೇಸು ಜೀವನಾಧಾರವಾದುದನ್ನು ನೆನೆದಾಗ, ಈ ಸಣ್ಣ ಕೊಕ್ಕೆಯ ಬಗ್ಗೆ ನನಗಿರುವ ಗೌರವ ಹೆಚ್ಚುತ್ತದೆ.

ಎರಡನ್ನೂ ಕಲಿತವರು ಒಂದೇ ಉಡುಪಿನಲ್ಲಿ ಎರಡನ್ನೂ ಸೇರಿಸಬಹುದು. ನನಗೆ ಅತ್ಯಂತ ತೃಪ್ತಿ ಕೊಟ್ಟಿರುವುದು ಅಂಥ ಕೆಲಸಗಳೇ. ಮೈ ಭಾಗವನ್ನು ಕಡ್ಡಿಗಳಲ್ಲಿ ಹೆಣೆದು, ಗುಂಡಿಗಳಿರುವ ಮುಂಭಾಗದ ಅಂಚಿಗೆ ಕ್ರೋಶಾ ಹಾಕಿದರೆ ಅಂಚು ಎಳೆದಾಡಿ ಸಡಿಲವಾಗುವುದಿಲ್ಲ, ಸುರುಳಿಯೂ ಕಡಿಮೆಯಾಗುತ್ತದೆ. ಹೆಣಿಗೆಯ ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚಿರುವುದರಿಂದ ಪಕ್ಕದ ಅಂಚಿನಲ್ಲಿ ಸಾಲಿಗೊಂದರಂತೆ ಹೊಲಿಗೆ ಹಾಕಿದರೆ ಅಂಚು ಅಲೆಅಲೆಯಾಗುತ್ತದೆ. ಸಾಮಾನ್ಯವಾಗಿ ನಾಲ್ಕು ಸಾಲಿಗೆ ಮೂರು ಹೊಲಿಗೆ ಸಾಕು, ಮೂಲೆಯಲ್ಲಿ ಮಾತ್ರ ಒಂದೇ ಕಡೆ ಮೂರು ಹಾಕಿ ತಿರುಗಬೇಕು. ತಲೆಯ ಮೇಲಿಂದ ಹಾಕಿಕೊಳ್ಳುವ ಸ್ವೆಟರಿನ ಕುತ್ತಿಗೆಗೆ ಈ ಉಪಾಯ ಸಲ್ಲದು. ಅಲ್ಲಿ ಅಂಚು ತಲೆಯಷ್ಟು ಹಿಗ್ಗಿ ಮತ್ತೆ ಕುತ್ತಿಗೆಗೆ ಕೂರಬೇಕು, ಆ ಕೆಲಸಕ್ಕೆ ಒಂದು ಸೀದಾ ಒಂದು ಉಲ್ಟಾ ಕುಣಿಕೆಯ ಪಟ್ಟಿಯನ್ನೇ ಹೆಣೆದು, ಕೊನೆಯ ಸಾಲನ್ನು ಒಂದು ಅಳತೆ ದಪ್ಪನೆಯ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚಬೇಕು.