ಮೊಂಟಾನಾದ ಸಣ್ಣ ಊರಿನಿಂದ ಪ್ರವಾಸ: ನಾಯಿಯನ್ನು ಎಲ್ಲಿ ಬಿಡುವುದು?

ಅಮೆರಿಕದ ಮೊಂಟಾನಾ ರಾಜ್ಯದ ಮೈಲ್ಸ್ ಸಿಟಿಯಂಥ ಪಟ್ಟಣದಲ್ಲಿದ್ದು, ಮೂರು ವಾರ ಭಾರತಕ್ಕೆ ಹೊರಟವರಿಗೆ ಸಾಮಾನ್ಯವಾಗಿ ಮೂರು ದಾರಿಗಳಿವೆ: ಬಿಲ್ಲಿಂಗ್ಸ್ ನಗರದ ಬೋರ್ಡಿಂಗ್ ಕೇಂದ್ರ (ಶುಲ್ಕ ಪಡೆದು ನಾಯಿಗಳನ್ನು ಇರಿಸಿಕೊಳ್ಳುವ ಜಾಗ), ಸ್ಥಳೀಯ ಪಶುವೈದ್ಯರ ಕ್ಲಿನಿಕ್, ಇಲ್ಲವೇ ಮನೆಯಲ್ಲೇ ಉಳಿದು ನೋಡಿಕೊಳ್ಳುವವರು.

ಕರ್ನಾಟಕದ ಸುಮಾರು ಎರಡು ಪಟ್ಟು ವಿಸ್ತಾರವಿದ್ದು, ಹನ್ನೊಂದು ಲಕ್ಷದಷ್ಟು ಜನರಷ್ಟೇ ಇರುವ ಈ ರಾಜ್ಯದಲ್ಲಿ ದಿನದ ಶುಲ್ಕಕ್ಕಿಂತ ಮೊದಲು ಲೆಕ್ಕ ಹಾಕಬೇಕಾದದ್ದು ದೂರವನ್ನು. ಬಿಲ್ಲಿಂಗ್ಸ್‌ಗೆ ಒಂದು ದಿಕ್ಕಿಗೇ ಸುಮಾರು 230 ಕಿ.ಮೀ. ಇರುವುದರಿಂದ, ಬಿಡಲೊಮ್ಮೆ, ಕರೆತರಲೊಮ್ಮೆ ಹೋಗಿಬಂದರೆ 900 ಕಿ.ಮೀ. ದಾಟುತ್ತದೆ, ಜನವರಿಯ ಹಿಮಗಾಳಿಯಲ್ಲಿ ಅದು ಸಣ್ಣ ಮಾತಲ್ಲ. ವಿಮಾನವನ್ನು ಅಲ್ಲಿಂದಲೇ ಹತ್ತುವುದಾದರೆ ಈ ತಕರಾರು ಬಿದ್ದುಹೋಗುತ್ತದೆ, ಆಗ ಓಡಾಟಕ್ಕೆ ಜಾಗವಿರುವ ಕೇಂದ್ರವೇ ಎಳೆಯ, ಚುರುಕಾದ ನಾಯಿಗೆ ಹಿತ.

ದಿನಕ್ಕೆರಡು ಬಾರಿ ಇನ್ಸುಲಿನ್ ಬೇಕಾದ ಮುದಿ ನಾಯಿಗೆ ನಾನು ಕ್ಲಿನಿಕ್ಕನ್ನೇ ಸೂಚಿಸುತ್ತೇನೆ. ಆದರೆ ರಾತ್ರಿ ಮತ್ತು ಭಾನುವಾರ ಅಲ್ಲಿ ಯಾರಿರುತ್ತಾರೆ, ಗೂಡಿನಿಂದ ಎಷ್ಟು ಸಲ ಹೊರಗೆ ಬಿಡುತ್ತಾರೆ ಎಂಬುದನ್ನು ಕೇಳಿಯೇ ಒಪ್ಪಬೇಕು. ಎರಡೂ ಕಡೆ ರೇಬಿಸ್ ಲಸಿಕೆಯ ದಾಖಲೆಯನ್ನೂ, ಸಾಮಾನ್ಯವಾಗಿ ಬೋರ್ಡೆಟೆಲ್ಲಾ (ನಾಯಿಗಳಲ್ಲಿ ಹರಡುವ ಕೆಮ್ಮಿನ) ಲಸಿಕೆಯನ್ನೂ ಕೇಳುವುದರಿಂದ, ಅವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬಾರದು.

ಬೆಕ್ಕು, ಕೋಳಿಗಳೂ ಇದ್ದರೆ ಮನೆಯಲ್ಲೇ ಉಳಿಯುವವರು ಅಗ್ಗವಾಗಬಹುದು. ಚಳಿಗೆ ನೀರಿನ ಪೈಪು ಹೆಪ್ಪುಗಟ್ಟದಂತೆಯೂ ಅವರು ನೋಡಿಕೊಳ್ಳುತ್ತಾರೆ. ಆದರೆ ಅವರೇ ಕಾಯಿಲೆ ಬಿದ್ದರೆ ಬದಲಿ ಸಿಗುವುದು ಕಷ್ಟ, ಆದ್ದರಿಂದ ಇನ್ನೊಬ್ಬರ ಕೈಗೂ ಬೀಗದ ಕೈ ಕೊಟ್ಟು, ತುರ್ತು ಚಿಕಿತ್ಸೆಗೆ ಒಪ್ಪಿಗೆಪತ್ರವನ್ನು ವೈದ್ಯರ ಬಳಿ ಇಟ್ಟಿರಬೇಕು.