ಸುಗ್ಗಿಯ ಕಾಲಕ್ಕೆ ಒದಗಿದ ‘ಮೇಘದೂತ್’

ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಬಿಳಿಜೋಳ ಕೊಯ್ದು ಕಣಕ್ಕೆ ಹಾಕುವ ಫಾಲ್ಗುಣದಲ್ಲಿಯೇ ಅಕಾಲಿಕ ಮಳೆಯ ಭಯ ಹೆಚ್ಚು. ತೆನೆ ಒಮ್ಮೆ ನೆನೆದರೆ ಕಾಳು ಕಪ್ಪಾಗಿ ಬೆಲೆ ಬೀಳುತ್ತದೆ, ದನಗಳಿಗೆಂದು ಒಟ್ಟಿದ ಕಣಿಕಿಯೂ ಕೊಳೆಯುತ್ತದೆ. ಈ ಆತಂಕದ ದಿನಗಳಲ್ಲಿ, ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ‘ಮೇಘದೂತ್’ ಆ್ಯಪ್ ನನಗೆ ನಿಜವಾದ ಆಸರೆಯಾಗಿದೆ. ಮಳೆ, ಉಷ್ಣಾಂಶ, ತೇವಾಂಶ ಮತ್ತು ಗಾಳಿಯ ವೇಗದ ಮುನ್ಸೂಚನೆಯ ಜೊತೆಗೆ, ಪ್ರತಿ ಮಂಗಳವಾರ ಹಾಗೂ ಶುಕ್ರವಾರ ಬೆಳೆವಾರು ಸಲಹೆಯೂ ಅದರಲ್ಲಿ ಕನ್ನಡದಲ್ಲಿಯೇ ದೊರೆಯುತ್ತದೆ. ಸಲಹೆ ನೋಡಿಕೊಂಡೇ ನಾನು ರಾಶಿಯ ದಿನವನ್ನು ಗೊತ್ತುಮಾಡುತ್ತೇನೆ, ತಾಡಪತ್ರಿಯನ್ನು ಮೊದಲೇ ಕಣಕ್ಕೆ ಒಯ್ದಿರುತ್ತೇನೆ.

ಗಾಳಿಯ ಮಾಹಿತಿಯನ್ನು ಹಲವರು ಗಮನಿಸುವುದಿಲ್ಲ. ಗಾಳಿ ಜೋರಿರುವ ದಿನ ಮಾವಿನ ಹೂವಿಗೆ ಔಷಧ ಸಿಂಪಡಿಸಿದರೆ ಅದು ಪಕ್ಕದ ಹೊಲದ ಪಾಲಾಗುತ್ತದೆ. ಹಿತ್ತಲಲ್ಲಿ ಬದನೆ, ಟೊಮೆಟೊ ಬೆಳೆಯುವವರಿಗೂ, ಚೈತ್ರದ ಬಿಸಿಲು 40 ಡಿಗ್ರಿಯ ಹತ್ತಿರ ಏರುವಾಗ, ನೀರುಣಿಸುವ ಹೊತ್ತನ್ನು ನಿರ್ಧರಿಸಲು ಇದು ನೆರವಾಗುತ್ತದೆ.

ಆದರೆ ಆಲಿಕಲ್ಲು ಮಳೆಯು ಕೆಲವೇ ಹಳ್ಳಿಗಳ ಮೇಲೆ ಸುರಿದು ಹೋಗುವಂಥದ್ದು. ಅದು ಯಾವ ಹೊಲದ ಮೇಲೆ ಬೀಳುವುದೆಂದು ದಿನಗಳ ಮುಂಚೆ ಯಾವ ಮುನ್ಸೂಚನೆಯೂ ಹೇಳಲಾರದು. ಹೀಗಾಗಿ ಮಧ್ಯಾಹ್ನ ಮೋಡ ಕಟ್ಟಿದ ದಿನ, ಸಿಡಿಲಿನ ಎಚ್ಚರಿಕೆ ನೀಡುವ ‘ದಾಮಿನಿ’ ಆ್ಯಪನ್ನೂ ಜೊತೆಗೆ ನೋಡುವುದು ಕ್ಷೇಮ.